ಲಿಫ್ಟ್ ಕೆಟ್ಟಿದೆ, ಪಾರ್ಟ್ ಬರಬೇಕು

ನಮ್ಮ ಎ ಬ್ಲಾಕಿನ ಲಿಫ್ಟ್ ಕೆಟ್ಟು ಇವತ್ತಿಗೆ 19 ದಿನ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ‘ರಿಪೇರಿ ನಡೆಯುತ್ತಿದೆ’ ಎಂದಿತ್ತು. ಕೆಳಗೆ ಯಾವ ಪುಣ್ಯಾತ್ಮರೋ ಪೆನ್ನಲ್ಲಿ ‘ಎಲ್ಲಿ?’ ಎಂದು ಗೀಚಿದ್ದಾರೆ. ಮೆಕ್ಯಾನಿಕ್ ಬರುತ್ತಾನೆ, ಟಾರ್ಚ್ ಬಿಡುತ್ತಾನೆ, “ಲಿಮಿಟ್ ಸ್ವಿಚ್ ಹೋಗಿದೆ ಸಾರ್, ಪಾರ್ಟ್ ಬರ್ಬೇಕು” ಅಂತಾನೆ (ಲಿಫ್ಟ್ ಎಲ್ಲಿ ನಿಲ್ಲಬೇಕೆಂದು ಹೇಳುವ ಸ್ವಿಚ್ಚಂತೆ), ಹೋಗುತ್ತಾನೆ. ನಾಲ್ಕನೇ ಮಹಡಿಗೆ ಸಿಲಿಂಡರ್ ಹೊತ್ತು ತಂದ ಹುಡುಗ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಈ ಸಂಕಟದಲ್ಲಿದ್ದಾಗ ಓದಿದ ಸುದ್ದಿಯಿಂದ ಎಷ್ಟು ಸಮಾಧಾನವಾಯಿತು ಅಂತೀರಿ! ಅಮೆರಿಕದ ಅಣುಶಕ್ತಿ ವಿಮಾನವಾಹಕ ನೌಕೆ ಜಾನ್ ಎಫ್. ಕೆನಡಿ 2025ರ ಜುಲೈಗೆ ಸಿಗಬೇಕಿತ್ತು, 2027ರ ಮಾರ್ಚ್‌ಗೆ ಹೋಗಿದೆ. ಕಾರಣಗಳಲ್ಲಿ ಒಂದು, ಲಿಫ್ಟ್.

ಅದರ ಅಣ್ಣ, ಅಂದರೆ ಅದೇ ಮಾದರಿಯ ಮೊದಲ ನೌಕೆ ಜೆರಾಲ್ಡ್ ಆರ್. ಫೋರ್ಡ್ ಕಥೆ ಕೇಳಿ. ಬೆಲೆ ಸುಮಾರು 1,300 ಕೋಟಿ ಡಾಲರ್. ಹೊಟ್ಟೆಯಲ್ಲಿ ಎರಡು ರಿಯಾಕ್ಟರ್. ಬಾಂಬುಗಳನ್ನು ಮೇಲಕ್ಕೆ ತರಲು 11 ಲಿಫ್ಟ್. ಹಗ್ಗ, ಕೇಬಲ್ ಎಲ್ಲ ಹಳ್ಳಿ ಗಮಾರರಿಗೆ. ಇಲ್ಲಿ ಎಲ್ಲಾ ವಿದ್ಯುತ್ಕಾಂತ. ಒಂದೊಂದು ಲಿಫ್ಟೂ ಹತ್ತು ಟನ್‌ಗೂ ಜಾಸ್ತಿ ಎತ್ತುತ್ತದೆ. ಓಡಿದರೆ. 2017ರ ಜುಲೈನಲ್ಲಿ ಟ್ರಂಪ್ ಬಂದು ಹಡಗನ್ನು ಸೇವೆಗೆ ಸೇರಿಸಿದ ದಿನ 11ರಲ್ಲಿ ಒಂದೂ ಓಡುತ್ತಿರಲಿಲ್ಲ. ವಿಮಾನ ಮೇಲೆ, ಬಾಂಬು ಕೆಳಗೆ. ಲೋಕಶಾಂತಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಯಾರು ಕೊಟ್ಟಾರು?

ನೌಕಾಪಡೆಯ ಕಾರ್ಯದರ್ಶಿ ರಿಚರ್ಡ್ ಸ್ಪೆನ್ಸರ್ ಮಾತ್ರ ಗಟ್ಟಿ ಆಸಾಮಿ. 2019ರ ಬೇಸಿಗೆಯೊಳಗೆ ಲಿಫ್ಟು ಸರಿಯಾಗದಿದ್ದರೆ ನನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಅಧ್ಯಕ್ಷರ ಕೈ ಕುಲುಕಿ ಬಂದರು. ಬೇಸಿಗೆ ಹೋಯಿತು, ಲಿಫ್ಟು ಸರಿಯಾಗಲಿಲ್ಲ. ನವೆಂಬರ್‌ನಲ್ಲಿ ಕೆಲಸವೂ ಹೋಯಿತು, ಆದರೆ ಬೇರೆಯದೇ ಜಗಳಕ್ಕೆ! ಹನ್ನೊಂದನೇ ಲಿಫ್ಟು ಮುಗಿದಿದ್ದು 2021ರ ಡಿಸೆಂಬರ್‌ನಲ್ಲಿ. ಇತ್ತ ಟ್ರಂಪ್ ಅವರದ್ದು ಬೇರೆಯೇ ಇಂಜಿನಿಯರಿಂಗ್. ಮ್ಯಾಗ್ನೆಟ್ ಮೇಲೆ ಒಂದು ಲೋಟ ನೀರು ಬಿದ್ದರೆ ಮುಗೀತಂತೆ. ಹಡಗು ಎಲ್ಲಿರುತ್ತದೆ ಅಂತ ಯಾರಾದರೂ ಅವರಿಗೆ ಹೇಳಿದ್ದಾರೋ ಇಲ್ಲವೋ.

ಅದಿರಲಿ, ಪಾರ್ಟ್ ಎಲ್ಲಿಂದ ತಂದರು? ಇನ್ನೂ ಕಟ್ಟುತ್ತಿದ್ದ ತಮ್ಮ, ಅದೇ ಕೆನಡಿಯಿಂದ ಬಿಚ್ಚಿದರು. ಸಣ್ಣ ಪಂಪು, ಮತ್ತೆ ಅದೇ ಲಿಮಿಟ್ ಸ್ವಿಚ್ಚು! ಓದಿ ನಕ್ಕು ನಕ್ಕು ಸಾಕಾಯಿತು. ನಮ್ಮ ಮೆಕ್ಯಾನಿಕ್ ಯಾವ ಪೆಂಟಗನ್‌ನಲ್ಲೂ ತರಬೇತಿ ಪಡೆದವನಲ್ಲ. ಆದರೂ ಮೊನ್ನೆ ರಾತ್ರಿ ಬಿ ಬ್ಲಾಕಿನ ಮೆಷಿನ್ ರೂಮ್‌ನಿಂದ ಕೈಯಲ್ಲಿ ಏನೋ ಹಿಡಿದು ಹೊರಗೆ ಬಂದ.

ಫೋರ್ಡ್‌ನ ಟಾಯ್ಲೆಟ್ಟನ್ನೂ ಹೇಳಿಬಿಡುತ್ತೇನೆ. ವಿಮಾನದಲ್ಲಿರುವಂಥದ್ದೇ ಸುಯ್ ಎಂದು ಎಳೆಯುವ ಕಮೋಡು, 4,000ಕ್ಕೂ ಜಾಸ್ತಿ ಜನಕ್ಕೆ. ಪೈಪು ಕಟ್ಟಿಕೊಳ್ಳುತ್ತದೆ. ಆಗಾಗ ಆ್ಯಸಿಡ್ ಬಿಟ್ಟು ತೊಳೆಯಬೇಕು. ಒಂದು ಸಲಕ್ಕೆ 4 ಲಕ್ಷ ಡಾಲರ್ ಎಂದು ಅಲ್ಲಿನ ಸರ್ಕಾರದ ಲೆಕ್ಕ ತಪಾಸಣೆಯವರೇ 2020ರಲ್ಲಿ ಬರೆದಿದ್ದಾರೆ. ನಮ್ಮ ದುಡ್ಡಲ್ಲಿ ಮೂರು ಕೋಟಿಗೂ ಮೇಲೆ. ಮಹಾಶಕ್ತಿ ಅಂದ್ರೆ ಸುಮ್ನೆ ಅಲ್ಲ.

ನಗು ಸಾಕು. ಹಡಗಿಗೆ ಹಾಕುವ ಮೊದಲು ಈ ಲಿಫ್ಟನ್ನು ದಡದ ಮೇಲೆ ಪೂರ್ತಿ ಕಟ್ಟಿ, ಓಡಿಸಿ ನೋಡಲೇ ಇಲ್ಲ. ನೇರ ಹಡಗಿನಲ್ಲಿ ಕೂರಿಸಿದರು. ಅಣುವನ್ನೇ ಒಡೆಯಬಲ್ಲವರಿಗೆ ಅಷ್ಟೂ ತೋಚಲಿಲ್ಲವೇ? ತೋಚಿರುತ್ತದೆ. ತಡವಾಗುತ್ತದೆ ಅಂತ ಬಿಟ್ಟಿರುತ್ತಾರೆ. ಬೇರೆಯವರ ದುಡ್ಡು ತಾನೇ. ತಿಂಗಳುಗಟ್ಟಲೆ ಮನೆ ಬಿಟ್ಟು ಆ ಹಡಗಿನಲ್ಲಿ ಇರುವ ಹುಡುಗರಿಗೆ ನೆಟ್ಟಗೆ ಒಂದು ಕಕ್ಕಸು ಕೊಡಲಾಗದವರು ಸಮುದ್ರ ಆಳುತ್ತಾರಂತೆ. ಬೇಜಾರಾಗುತ್ತದೆ ಸ್ವಾಮಿ.

ಈಗ ಕೆನಡಿಗೂ ಪಾರ್ಟ್ ಬೇಕಲ್ವಾ? ಅದರ ಹಿಂದೆಯೇ ಎಂಟರ್‌ಪ್ರೈಸ್ ಎಂಬ ಮೂರನೆಯದನ್ನು ಕಟ್ಟುತ್ತಿದ್ದಾರೆ. ನಮ್ಮಲ್ಲಿ ಸಿ ಬ್ಲಾಕಿನವರು ನಿನ್ನೆಯೇ ಮೆಷಿನ್ ರೂಮಿಗೆ ಎರಡನೇ ಬೀಗ ಜಡಿದಿದ್ದಾರೆ.