ಉಳುವವನು ಬೆಂಗಳೂರಿನಲ್ಲಿ, ಪಹಣಿ ಇನ್ನೆಲ್ಲೋ

ಜರ್ಮನಿಯ ಮ್ಯೂನಿಕ್‌ನ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಬಂದು ಕೈ ಕುಲುಕಿದರು. ಅವರು ಓದುತ್ತಿದ್ದದ್ದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ 2024ರ ವರದಿ. 2014ರಿಂದ 2023ರವರೆಗೆ ಬರಹ, ಚಿತ್ರಗಳನ್ನು ತಾನೇ ಹೊಸೆಯುವ ಜನರೇಟಿವ್ ಎಐ ಕುರಿತು ಪೇಟೆಂಟ್ ಅರ್ಜಿಗೆ ಬಂದ ಸುಮಾರು 54,000 ಆವಿಷ್ಕಾರಗಳಲ್ಲಿ ಚೀನಾದವೇ 38,000ಕ್ಕೂ ಹೆಚ್ಚು. ಭಾರತದವು 1,350, ಐದನೆಯ ಸ್ಥಾನ. ಜರ್ಮನಿಯವು 708. ಅಂದು ಕ್ಯಾಂಟೀನಿನ ಉಪ್ಪುಖಾರವಿಲ್ಲದ ಆಲೂಗಡ್ಡೆಯೂ ರುಚಿಸಿತು.

ಸಂಜೆಯ ಹೊತ್ತಿಗೆ ಖುಷಿ ಇಳಿಯಿತು. ದೇಶಗಳ ಆ ಎಣಿಕೆ ಸಂಶೋಧಕರ ವಿಳಾಸ ನೋಡಿ ಮಾಡಿದ್ದು. ಪೇಟೆಂಟ್ ಓದುವುದೇ ನನ್ನ ಹೊಟ್ಟೆಪಾಡು. ಸಂಶೋಧಕರ ಹೆಸರಿನ ಮುಂದೆ ಬೆಂಗಳೂರು, ಅರ್ಜಿದಾರರ, ಅಂದರೆ ಒಡೆಯರ, ಜಾಗದಲ್ಲಿ ಕ್ಯಾಲಿಫೋರ್ನಿಯದ ಕಂಪನಿ: ಇಂಥ ಮೊದಲ ಪುಟಗಳನ್ನು ಎಷ್ಟು ಮಗುಚಿದ್ದೇನೋ. ದೇಶಗಳ ನಂಟನ್ನು ಅಳೆಯುವ ಲೆಕ್ಕಗಳು ಒಂದೇ ಪೇಟೆಂಟಿನಲ್ಲಿ ಎರಡು ದೇಶಗಳ ವಿಳಾಸ ಕಂಡರೆ ನಡುವೆ ಗೆರೆ ಎಳೆದು 'ಅಂತರರಾಷ್ಟ್ರೀಯ ಸಹಯೋಗ' ಎನ್ನುತ್ತವೆ. ಬೆಳ್ಳಂದೂರಿನ ಹುಡುಗ ರಾತ್ರಿ ಹತ್ತಕ್ಕೆ ಅಲ್ಲಿನ ಮೇಲಧಿಕಾರಿಗೆ ಲೆಕ್ಕ ಒಪ್ಪಿಸುವುದೂ ಸಹಯೋಗವೇ! ನಮ್ಮಜ್ಜ ಇದನ್ನು ಗೇಣಿ ಎನ್ನುತ್ತಿದ್ದರು. 1974ರಲ್ಲಿ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದ ನಾಡು ನಮ್ಮದು.

ನಮ್ಮ ಕೆಳಮನೆಯ ಮುದುಕರು ನಿವೃತ್ತ ಎಂಜಿನಿಯರ್. ಹಳೆಯ ಕಂಪನಿಯಿಂದ ಅವರಿಗೆ ಇಂದಿಗೂ ವರ್ಷಕ್ಕೊಮ್ಮೆ ಹಣ ಬರುತ್ತದೆ. ಆ ಹಣದಲ್ಲಿ ಹೆಂಡತಿಯನ್ನು ಇಟಲಿಗೆ ಕರೆದೊಯ್ಯುತ್ತಾರೆ. ನೌಕರ ಕಂಡುಹಿಡಿದದ್ದನ್ನು ಕಂಪನಿ ತನ್ನದಾಗಿಸಿಕೊಂಡರೆ ತಕ್ಕ ಪ್ರತಿಫಲ ಕೊಡಬೇಕೆಂದು ಇಲ್ಲಿ 1957ರಲ್ಲೇ ಕಾಯ್ದೆಯಾಗಿದೆ. ನಮ್ಮ 1970ರ ಪೇಟೆಂಟ್ ಕಾಯ್ದೆ ಹೊರದೇಶದಲ್ಲಿ ಅರ್ಜಿ ಹಾಕುವ ಮುನ್ನ ಅನುಮತಿ ಪಡೆಯಿರಿ, ಇಲ್ಲವೇ ಮೊದಲು ಇಲ್ಲಿ ಹಾಕಿ ಆರು ವಾರ ಕಾಯಿರಿ ಎನ್ನುತ್ತದೆ. ನೌಕರನ ಪಾಲಿನ ಮಾತು ಬಂದರೆ ಬಾಯಿಗೆ ಬೀಗ. ಅಲ್ಲಿ ಕೆಲಸದಲ್ಲಿದ್ದ ನನ್ನ ಅಕ್ಕನ ಮಗನಿಗೆ ಅವನ ಆವಿಷ್ಕಾರಕ್ಕೆ ಒಂದಿಷ್ಟು ಬೋನಸ್ ಮತ್ತು ಒಂದು ಫಲಕ ಸಿಕ್ಕಿತು. ಆಯುಧಪೂಜೆಯ ದಿನ ಅಕ್ಕ ಸ್ಕೂಟರಿನ ಜೊತೆಗೆ ಆ ಫಲಕಕ್ಕೂ ಕುಂಕುಮ ಹಚ್ಚಿದಳು.

ಹಾಗೆಂದು ಇಲ್ಲೇನೂ ಉಳುವವನಿಗೆ ಪಹಣಿ ಬರೆದುಕೊಡುವುದಿಲ್ಲ. ಒಡೆತನ ಇಲ್ಲಿಯೂ ಕಂಪನಿಯದೇ. ಪ್ರತಿಫಲದ ಲೆಕ್ಕ ಸರಿಯಿಲ್ಲವೆಂದು ಮುದುಕರು ವಕೀಲರ ಬಾಗಿಲು ತಟ್ಟಿದ್ದೂ ಉಂಟು. ಅದೇ ವರದಿಯಲ್ಲಿ, ಮೊದಲ ಐದು ದೇಶಗಳ ಪೈಕಿ ವರ್ಷಕ್ಕೆ ಸರಾಸರಿ ಶೇ 56ರಷ್ಟು ಬೆಳೆದು ಎಲ್ಲರಿಗಿಂತ ವೇಗವಾಗಿ ಓಡಿರುವುದು ಭಾರತ. ಗೇಣಿ ಮಾಡುತ್ತಲೇ ಬೇಸಾಯ ಕಲಿತವರೂ ಇದ್ದಾರೆ, ಒಪ್ಪಿಕೊಳ್ಳೋಣ.

ಇದನ್ನೆಲ್ಲ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿಕೊಂಡೆ. "ಅದಿರಲಿ ಮಾವ, ನಾವು ಮೂವರು ಕೆಲಸ ಬಿಟ್ಟಿದ್ದೇವೆ, ಸ್ವಂತದ್ದು ಶುರು ಮಾಡುತ್ತೇವೆ. ನಮ್ಮ ಅರ್ಜಿಯನ್ನು ಒಮ್ಮೆ ನೋಡಿಕೊಡಿ" ಎಂದ. ಭಾನುವಾರವಿಡೀ ಕುಳಿತು ನೋಡಿದೆ. ಬರಿಯ ಅಲ್ಗಾರಿದಮ್‌ಗೆ ನಮ್ಮಲ್ಲಿ ಪೇಟೆಂಟ್ ಕೊಡುವುದಿಲ್ಲ ಎಂದು ಹೇಳಿ ಅರ್ಧಕ್ಕರ್ಧ ಹೊಡೆದುಹಾಕಿದೆ. ಅರ್ಜಿದಾರರ ಜಾಗ ಖಾಲಿಯಿತ್ತು; ಕಂಪನಿಗೆ ಇನ್ನೂ ಹೆಸರಿಟ್ಟಿಲ್ಲವಂತೆ. ಅಕ್ಕ ಮಾತ್ರ, ಒಳ್ಳೆಯ ಸಂಬಳ ಬಿಡಿಸಿದವನು ನೀನೇ ಎಂದು ನನ್ನೊಡನೆ ಮಾತು ಬಿಟ್ಟಿದ್ದಾಳೆ.