ಪಕ್ಷ ಬಿಟ್ಟ ಶಾಸಕರಿಗೆ ಆರು ವರ್ಷ ಚುನಾವಣೆ ಇಲ್ಲವೇ?

ಶಾಸಕರೊಬ್ಬರು ಪಕ್ಷ ಬಿಟ್ಟರೆ ಸಾಕು, ಕಲಬುರಗಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹಳೆಯ ಮೆಸೇಜ್ ಮತ್ತೆ ಓಡಾಡುತ್ತದೆ: ಪಕ್ಷಾಂತರಿಗಳು ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ ಅಂತ. ಇದು ನಿಜವಲ್ಲ.

1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷ ತೊರೆದರೆ ಅಥವಾ ವಿಪ್ (ಸದನದಲ್ಲಿ ಹೇಗೆ ಮತ ಹಾಕಬೇಕೆಂದು ಪಕ್ಷ ಕೊಡುವ ಸೂಚನೆ) ಮೀರಿದರೆ ಶಾಸಕ ಸ್ಥಾನ ಹೋಗಬಹುದು. ಅದೂ ತಾನಾಗೇ ಹೋಗುವುದಿಲ್ಲ, ಸ್ಪೀಕರ್ ತೀರ್ಮಾನಿಸಬೇಕು. ಅನರ್ಹರಾದವರು ಮತ್ತೆ ಗೆಲ್ಲುವ ತನಕ, ಇಲ್ಲವೇ ತಮ್ಮ ಅವಧಿ ಮುಗಿಯುವ ತನಕ ಮಂತ್ರಿಯಾಗುವಂತಿಲ್ಲ. ಆದರೆ ಉಪಚುನಾವಣೆಗೆ ನಿಲ್ಲಬಹುದು. ಟಿಕೆಟ್, ಮಂತ್ರಿಗಿರಿ, ಕ್ಷೇತ್ರಕ್ಕೆ ಅನುದಾನ, ಹೀಗೆ ಕಾರಣ ಏನೇ ಇರಲಿ, ಅನರ್ಹತೆ ತಪ್ಪಿಸಿಕೊಳ್ಳಲು ಎಷ್ಟೋ ಜನ ಮೊದಲೇ ರಾಜೀನಾಮೆ ಕೊಟ್ಟು ಹೋಗುತ್ತಾರೆ.

ನಂಬಿದವರನ್ನು ದೂರಬೇಕಿಲ್ಲ. ‘ಆರು ವರ್ಷ’ ನಾವೆಲ್ಲ ಕೇಳಿದ ಮಾತೇ, ಅಲ್ವಾ? ಪಕ್ಷಗಳು ಬಂಡಾಯಗಾರರನ್ನು ಉಚ್ಚಾಟಿಸುವುದು ಸಾಮಾನ್ಯವಾಗಿ ಆರು ವರ್ಷಕ್ಕೆ. ಕೆಲವು ಅಪರಾಧಗಳಲ್ಲಿ ಶಿಕ್ಷೆಯಾದವರಿಗೂ ಬಿಡುಗಡೆ ನಂತರ ಆರು ವರ್ಷ ಸ್ಪರ್ಧೆ ಇಲ್ಲ. ಆದರೆ ಅದು 1951ರ ಬೇರೆಯೇ ಕಾಯ್ದೆ.

ಇಂಥ ಮೆಸೇಜ್ ಬಂದರೆ ಯಾವ ಕಾಯ್ದೆ, ಎಷ್ಟನೇ ಕಲಂ ಅಂತ ಕೇಳಿ. ಸಂವಿಧಾನ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಹತ್ತನೇ ಅನುಸೂಚಿ ಕೆಲವೇ ಪುಟ. ಅಲ್ಲಿ ‘ಆರು ತಿಂಗಳು’ ಅಂತ ಇದೆ, ಅದೂ ನಾಮಕರಣಗೊಂಡ ಸದಸ್ಯರ ಬಗ್ಗೆ. ಆರು ವರ್ಷ ಎಲ್ಲೂ ಇಲ್ಲ.