ಕೆಸರಿಗೊಂದು ಕರಿಕ್ಯುಲಂ

ಮಳೆ ಆಗಷ್ಟೇ ನಿಂತಿದೆ. ಇಂಗ್ಲೆಂಡಿನ ಯಾವುದೋ ಊರಿನ ಯಾವುದೋ ನರ್ಸರಿಯ ಅಂಗಳದಲ್ಲಿ ಒಂದು ಗುಂಡಿ, ಗುಂಡಿಯ ತುಂಬ ನೀರು, ನೀರಿನ ಪಕ್ಕ ಎರಡೂವರೆ ವರ್ಷದ ಒಂದು ಜೀವ. ಅದು ಎಗರಿತು. ಪಚಕ್. ನಕ್ಕಿತು. ಮತ್ತೆ ಎಗರಿತು.

ನಡೆದದ್ದು ಇಷ್ಟೇ. ಬರೆದಿಡುವುದಕ್ಕೆ ನಾಲ್ಕು ಪುಟ ಹಿಡಿಯಿತು.

ಮೊದಲನೇ ಪುಟ ‘ಇಂಟೆಂಟ್’. ಮಗು ಯಾಕೆ ಎಗರಿತು ಅಂತಲ್ಲ. ಮಗು ಎಗರಲಿ ಅಂತ ನಾವು ಮುಂಚೆಯೇ ಯಾಕೆ ಅಂದುಕೊಂಡಿದ್ದೆವು ಅಂತ. ಮಳೆಯೂ ನಮ್ಮ ಯೋಜನೆಯ ಪ್ರಕಾರವೇ ಬಂತು ಅಂತ ಬರೆಯುವುದೊಂದು ಬಾಕಿ. ಎರಡನೆಯದು ‘ಇಂಪ್ಲಿಮೆಂಟೇಷನ್’: ಗುಂಡಿ, ನೀರು, ರಬ್ಬರ್ ಬೂಟು. ಮೂರನೆಯದು ‘ಇಂಪ್ಯಾಕ್ಟ್’. ಇಲ್ಲಿ ‘ಕಾಲುಚೀಲ ಒದ್ದೆಯಾಯಿತು’ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಕೆಲಸಕ್ಕೆ ಬಾರದು. ‘ದೇಹದ ಸಮತೋಲನ, ಕಾರ್ಯಕಾರಣ ಸಂಬಂಧದ ಅರಿವು, ಶಬ್ದಸಂಪತ್ತಿನ ವೃದ್ಧಿ’ ಅನ್ನಬೇಕು. ವೃದ್ಧಿಯಾದ ಶಬ್ದ ‘ಪಚಕ್’. ನಾಲ್ಕನೇ ಪುಟ ‘ನೆಕ್ಸ್ಟ್ ಸ್ಟೆಪ್ಸ್’, ಅಂದರೆ ಮಗು ಮುಂದೆ ಏನು ಮಾಡಬೇಕು ಎಂಬುದು. ಆ ಪುಟ ತುಂಬುವ ಹೊತ್ತಿಗೆ ಅದು ಇನ್ನೂ ಹನ್ನೊಂದು ಸಲ ಎಗರಿ, ಬೇಜಾರಾಗಿ, ಒಂದು ಬಸವನಹುಳುವಿನ ಹಿಂದೆ ಹೋಗಿತ್ತು.

ಈ ಮೂರು ‘ಐ’ಗಳು ನರ್ಸರಿಗೆ ಕಾಲಿಟ್ಟದ್ದು 2019ರಲ್ಲಿ, ಆಫ್‌ಸ್ಟೆಡ್‌ನ ಹೊಸ ತಪಾಸಣಾ ಚೌಕಟ್ಟಿನ ಜೊತೆ. ಆಫ್‌ಸ್ಟೆಡ್ ಅಂದರೆ 1992ರಲ್ಲಿ ಹುಟ್ಟಿ, ಇಂಗ್ಲೆಂಡಿನ ಶಾಲೆ, ನರ್ಸರಿಗಳಿಗೆಲ್ಲ ಭೇಟಿ ಕೊಟ್ಟು ಅಂಕ ಹಾಕುವ ಸರ್ಕಾರಿ ಇಲಾಖೆ. ಏನು ಕಲಿಸಬೇಕು ಅನ್ನುವುದಕ್ಕೆ ಬೇರೆ ಗ್ರಂಥವಿದೆ, ಇವೈಎಫ್‌ಎಸ್ (ಅರ್ಲಿ ಇಯರ್ಸ್ ಫೌಂಡೇಷನ್ ಸ್ಟೇಜ್) ಅಂತ. 2008ರಲ್ಲಿ ಅದು ಶುರುವಾದಾಗ ಐದು ವರ್ಷದ ಹೊತ್ತಿಗೆ ಮಗು ಮುಟ್ಟಬೇಕಾದ ಗುರಿಗಳು 69 ಇದ್ದವು. 2012ರಲ್ಲಿ ಕರುಣೆ ಹುಟ್ಟಿ 17ಕ್ಕೆ ಇಳಿಸಿದರು. ಗುರಿ ಇಳಿದರೂ ಫೈಲು ಇಳಿಯಲಿಲ್ಲ. ಕೂಸು ಬಡವಾದರೂ ತೊಟ್ಟಿಲು ಬೆಳೆಯುತ್ತಲೇ ಹೋಯಿತು.

ತಮಾಷೆ ಏನೆಂದರೆ ಈ ನಾಲ್ಕು ಪುಟಗಳನ್ನು ಯಾರೂ ಕೇಳಿಲ್ಲ. ಪಠ್ಯಯೋಜನೆ ಇಂಥದ್ದೇ ನಮೂನೆಯಲ್ಲಿ ಇರಬೇಕು ಅಂತ ನಾವು ಹೇಳುವುದಿಲ್ಲ ಎಂದು ಆಫ್‌ಸ್ಟೆಡ್ ತಾನೇ ಬರೆದುಕೊಂಡಿದೆ. ಮಕ್ಕಳನ್ನು ಅಳೆಯುವ ನೆಪದಲ್ಲಿ ಮಕ್ಕಳನ್ನೇ ಬಿಟ್ಟು ಹೊತ್ತುಗಟ್ಟಲೆ ಕೂರಬೇಡಿ, ಅತಿಯಾದ ಕಾಗದಪತ್ರ ಬೇಡ ಅಂತ ಇವೈಎಫ್‌ಎಸ್ ಕೂಡ ಹೇಳುತ್ತದೆ. ಆದರೆ ಹೆಣ್ಣು ನೋಡಲು ಬರುವವರು ‘ಸುಮ್ಮನೆ ಬಂದು ಹೋಗ್ತೀವಿ, ಏನೂ ಮಾಡ್ಬೇಡಿ’ ಅಂದರೆ ಯಾವ ಮನೆಯವರು ಸುಮ್ಮನಿರುತ್ತಾರೆ? ಬೇಡ ಅಂದದ್ದೇ ದೊಡ್ಡ ಪರೀಕ್ಷೆ ಇರಬಹುದು ಅನ್ನಿಸುತ್ತದೆ. ಹಾಗಾಗಿ ‘ಕಾಗದಪತ್ರ ಕಡಿಮೆ ಮಾಡುವ ನೀತಿ’ ಎಂಬ ಹೊಸ ಫೈಲು ಹುಟ್ಟುತ್ತದೆ. ಅದಕ್ಕೆ ಅನುಬಂಧ ಬೇರೆ.

ಜೊತೆಗೆ ಗಾಳಿಸುದ್ದಿ. ಪಕ್ಕದ ಊರಿನ ನರ್ಸರಿಗೆ ಬಂದ ಇನ್‌ಸ್ಪೆಕ್ಟರು ಗೋಡೆಯ ಬಣ್ಣ ನೋಡಿ ಹುಬ್ಬು ಗಂಟಿಕ್ಕಿದರಂತೆ. ಸರಿ, ಮೂರು ನರ್ಸರಿಗಳ ಗೋಡೆ ಬೀಜ್ ಎಂಬ ತಿಳಿ ಮರಳುಬಣ್ಣಕ್ಕೆ ತಿರುಗಿತು, ಪ್ಲಾಸ್ಟಿಕ್ ಆಟಿಕೆ ಅಟ್ಟ ಸೇರಿತು, ಮರದ ಬಟ್ಟಲು ಇಳಿದು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ಎಲ್ಲ ದೇಶದಲ್ಲೂ ಇದ್ದಾರೆ. ಇಂಗ್ಲೆಂಡಿನಲ್ಲಿ ಅವರು ಆ ಕರುವಿನ ಫೋಟೋ ತೆಗೆದು ಲ್ಯಾಮಿನೇಟ್ ಮಾಡಿಸುತ್ತಾರೆ. ಲ್ಯಾಮಿನೇಟರ್ ಬಗ್ಗೆಯೇ ಒಂದು ಲೇಖನ ಬರೆಯಬಹುದು. ನರ್ಸರಿಯಲ್ಲಿ ಮಗುವೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರ ಬಾಯಿ ಹೊಕ್ಕು ಬಂದಿದೆ.

ಆಫ್‌ಸ್ಟೆಡ್‌ನ 2019ರ ಕೈಪಿಡಿಯ ಇನ್ನೊಂದು ಕೊಡುಗೆ ‘ಕಲ್ಚರಲ್ ಕ್ಯಾಪಿಟಲ್’, ಸಾಂಸ್ಕೃತಿಕ ಬಂಡವಾಳ, ಅಂದರೆ ಮಗುವಿಗೆ ದಕ್ಕಿದ ತಿಳಿವಳಿಕೆ, ಅನುಭವಗಳ ಗಂಟು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಈ ಮಾತನ್ನು ಬಳಕೆಗೆ ತಂದದ್ದು ಉಳ್ಳವರ ಮನೆಯ ಮಕ್ಕಳು ಶಾಲೆಯಲ್ಲಿ ಹೇಗೆ ಸಲೀಸಾಗಿ ಗೆದ್ದುಬಿಡುತ್ತಾರೆ ಅಂತ ತೋರಿಸಿ ಕುಟುಕಲು. ಆ ಕುಟುಕನ್ನೇ ತೊಳೆದು, ಒಣಗಿಸಿ, ಮೂರು ವರ್ಷದವರ ಪಠ್ಯಕ್ಕೆ ಸೇರಿಸಿದರು. ಮಾರನೇ ವಾರದಿಂದ ಶುರು. ಅಂಚೆಪೆಟ್ಟಿಗೆಗೆ ಕಾಗದ ಹಾಕಿ ಬಂದರೆ ಬಂಡವಾಳ, ಅಗ್ನಿಶಾಮಕದವರು ಬಂದು ಗಂಟೆ ಬಾರಿಸಿದರೆ ಬಂಡವಾಳ. ಈ ಬಂಡವಾಳಿಗರ ಪೈಕಿ ಒಬ್ಬ ಮಧ್ಯಾಹ್ನ ಹೊದಿಕೆ ಚೀಪದೆ ಮಲಗುವುದಿಲ್ಲ.

ಎರಡು ವರ್ಷದ ಮಕ್ಕಳಿಗೆ ನಾಲ್ಕಕ್ಕೊಬ್ಬರು ಇದ್ದ ಸಿಬ್ಬಂದಿಯ ಲೆಕ್ಕವನ್ನು 2023ರ ಸೆಪ್ಟೆಂಬರ್‌ನಲ್ಲಿ ಐದಕ್ಕೊಬ್ಬರು ಅಂತ ಸಡಿಲ ಮಾಡಿದರು. ಆ ಒಬ್ಬರ ಒಂದು ಕೈಯಲ್ಲಿ ಟ್ಯಾಬ್ಲೆಟ್ ಇರುತ್ತದೆ, ‘ವಾವ್ ಮೊಮೆಂಟ್’, ಅಂದರೆ ಮಗು ಹೊಸದೇನಾದರೂ ಮಾಡಿದ ಕ್ಷಣ, ಹಿಡಿಯುವುದಕ್ಕೆ. ಐದು ಮಕ್ಕಳು, ಹತ್ತು ಮೂಗಿನ ಹೊಳ್ಳೆ, ಉಳಿದದ್ದು ಒಂದೇ ಕೈ. ಈ ಲೆಕ್ಕ ಯಾವ ಚೌಕಟ್ಟಿನಲ್ಲೂ ಕೂರುವುದಿಲ್ಲ.

ನಾಳೆ ಬರುತ್ತೇವೆ ಅಂತ ಆಫ್‌ಸ್ಟೆಡ್‌ನಿಂದ ಫೋನ್ ಬರುವ ದಿನವನ್ನು ನೋಡಿದರೆ ಸಾಕು. ಹದಿನೇಳು ಗುರಿಗಳಲ್ಲಿ ಒಂದು ಹೀಗಿದೆ: ಮಗು ತನ್ನ ಭಾವನೆಗಳನ್ನು ಅರಿತು ಹತೋಟಿಯಲ್ಲಿಟ್ಟುಕೊಳ್ಳಬೇಕು, ಬೇಕಾದ್ದಕ್ಕೆ ಕಾಯಬೇಕು, ಥಟ್ಟನೆ ಏಳುವ ಆವೇಗ ತಡೆದುಕೊಳ್ಳಬೇಕು. ಐದು ವರ್ಷಕ್ಕೆ ಇದನ್ನು ಮುಟ್ಟಿದರೆ ‘ಎಕ್ಸ್‌ಪೆಕ್ಟೆಡ್’, ಮುಟ್ಟದಿದ್ದರೆ ‘ಎಮರ್ಜಿಂಗ್’, ಅಂದರೆ ಇನ್ನೂ ಮೊಳಕೆ. ಫೋನ್ ಇಟ್ಟ ಮ್ಯಾನೇಜರಮ್ಮ ಮೊದಲು ಸ್ಟೋರ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಹೊರಬಂದು, ಯಾರೋ ಹಸಿರು ಫೈಲನ್ನು ನೀಲಿ ಕಪಾಟಿನಲ್ಲಿಟ್ಟಿದ್ದಾರೆ ಅಂತ ಕೂಗಾಡಿದರು. ಉಪ ಮ್ಯಾನೇಜರು ಅತ್ತರು. ಅಡುಗೆಯವರು ರಾಜೀನಾಮೆಯ ಮಾತಾಡಿದರು. ಮಕ್ಕಳು ಕಿಟಕಿಯಿಂದ ನೋಡುತ್ತ ಕೂತಿದ್ದರು, ಸಮಾಧಾನವಾಗಿ, ಸಾಲಾಗಿ. ಮೊಳಕೆ ಯಾರು, ಗುರಿ ಮುಟ್ಟಿದವರು ಯಾರು, ನೀವೇ ಗುರುತು ಹಾಕಿಕೊಳ್ಳಿ.

ಅಂದ ಹಾಗೆ, ಮಗುವಿನ ಒಂದೊಂದು ಗುರಿಗೂ ಎರಡೇ ದರ್ಜೆ. ನರ್ಸರಿಗೆ ಐದು. 2025ರ ನವೆಂಬರ್‌ನಿಂದ ‘ಔಟ್‌ಸ್ಟ್ಯಾಂಡಿಂಗ್’ ಎಂಬ ಒಂದೇ ಮಾತಿನ ತೀರ್ಪು ಹೋಗಿ ರಿಪೋರ್ಟ್ ಕಾರ್ಡ್ ಬಂದಿದೆ. ‘ಎಕ್ಸೆಪ್ಷನಲ್’ನಿಂದ ‘ಅರ್ಜೆಂಟ್ ಇಂಪ್ರೂವ್‌ಮೆಂಟ್’ವರೆಗೆ, ಬಣ್ಣ ಬಣ್ಣದ ಮೆಟ್ಟಿಲು. ಗೇಟಿಗೆ ಕಟ್ಟಿದ್ದ ‘ಔಟ್‌ಸ್ಟ್ಯಾಂಡಿಂಗ್’ ಬ್ಯಾನರನ್ನು ಏನು ಮಾಡುವುದು ಅನ್ನುವುದು ಹೊಸ ಚಿಂತೆ. ಮರಳಿನ ತೊಟ್ಟಿಗೆ ಹೊದಿಸಲು ಅಳತೆ ಸರಿಯಾಗಿದೆ.

ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’ ಅಂತ ಹೆಸರಿಟ್ಟ, ಮಕ್ಕಳ ತೋಟ ಅಂತ. 1851ರಲ್ಲಿ ಪ್ರಷ್ಯಾ ಸರ್ಕಾರ ಅದನ್ನು ನಿಷೇಧಿಸಿತು. ಇದು ದೇವರಿಗೂ ದೊರೆಗೂ ಅಪಾಯ ಅಂತ ಅವರ ಅನುಮಾನ. ತಪ್ಪು ಅನುಮಾನವೇ ಇರಲಿ, ಪ್ರಾಮಾಣಿಕವಾಗಿತ್ತು. ಮುಚ್ಚು ಅಂದರು, ಮುಚ್ಚಿದರು. ಆಡಲಿ ಬಿಡಿ, ಆದರೆ ಆಟದ ಉದ್ದೇಶ ಬರೆದುಕೊಡಿ ಅಂತ ಕೇಳುವ ಜಾಣತನ ಪ್ರಷ್ಯನ್ನರಿಗೆ ಹೊಳೆದಿರಲಿಲ್ಲ.

ಇನ್‌ಸ್ಪೆಕ್ಟರು ಬಂದರು. ರಾಕ್ಷಸರೇನಲ್ಲ, ಮೆತ್ತಗೆ ಮಾತಾಡುವ ಹೆಂಗಸು, ತಮ್ಮ ಬೂಟು ತಾವೇ ತಂದಿದ್ದರು. ಹಸಿರು ಫೈಲು ತೆರೆಯಲಿಲ್ಲ. ನೀಲಿಯದನ್ನು ಮ್ಯಾನೇಜರಮ್ಮ ಎರಡು ಸಲ ಮುಂದೆ ಸರಿಸಿದರೂ ನಯವಾಗಿ ಹಿಂದಕ್ಕೆ ಸರಿಸಿದರು. ಅಂಗಳಕ್ಕೆ ಹೋಗೋಣ ಅಂದರು.

ಅಂಗಳದ ಕಾರ್ಯಕ್ರಮ ಪಟ್ಟಿಯಲ್ಲಿತ್ತು: ಹತ್ತೂವರೆಗೆ, ಗುಂಡಿಯಲ್ಲಿ ‘ಮಗುವೇ ಆರಿಸಿಕೊಂಡ ಸಹಜ ಆಟ’. ಗುಂಡಿ ಒಣಗಿತ್ತು. ಇಂಗ್ಲೆಂಡಿನಲ್ಲಿ, ಬೇಕೆಂದ ದಿನ, ಮಳೆ ಕೈಕೊಟ್ಟಿತ್ತು. ಉಪ ಮ್ಯಾನೇಜರು ಹಿಂಬಾಗಿಲಿನಿಂದ ಓಡಿಬಂದು ಒಂದು ಬಕೆಟ್ ನೀರು ಸುರಿದು, ಏನೂ ಆಗದವರ ಹಾಗೆ ಗೋಡೆಗೆ ಒರಗಿ ನಿಂತರು.

ಎರಡೂವರೆ ವರ್ಷದ ಜೀವ ಗುಂಡಿಯನ್ನು ನೋಡಿತು. ಟ್ಯಾಬ್ಲೆಟ್ ಮೇಲೆದ್ದಿತು. ಇನ್‌ಸ್ಪೆಕ್ಟರು ಮಂಡಿಯೂರಿ ಕೂತರು. ಮಗು ಗುಂಡಿಯನ್ನು ಸುತ್ತುಹಾಕಿಕೊಂಡು ಹೋಗಿ, ಬಿದ್ದಿದ್ದ ಖಾಲಿ ಬಕೆಟ್ ಎತ್ತಿ ತಲೆಗೆ ಹಾಕಿಕೊಂಡಿತು.

“ಒಳಗೆ ಏನು ಮಾಡ್ತಾ ಇದ್ದೀಯ, ಪುಟ್ಟಾ?” ಅಂದರು ಇನ್‌ಸ್ಪೆಕ್ಟರು.

“ನಾನಿಲ್ಲ,” ಅಂತು ಬಕೆಟ್.

ಮ್ಯಾನೇಜರಮ್ಮ ಪೆನ್ನಿಗಾಗಿ ಜೇಬು ತಡಕುತ್ತಿದ್ದರು.